ಪ್ರಾಜೆಕ್ಟ್ ಮೇವನ್: ಎಂಜಿನಿಯರ್‌ಗಳು ಬೇಡ ಎಂದರು, ಕೆಲಸ ನಿಲ್ಲಲಿಲ್ಲ

2018ರ ಏಪ್ರಿಲ್ ಮೊದಲ ವಾರ ಗೂಗಲ್ ಉದ್ಯೋಗಿಗಳ ಒಂದು ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ಮೂರು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಬರೆದದ್ದು ಅವರದೇ ಸಿಇಒ ಸುಂದರ್ ಪಿಚೈ ಅವರಿಗೆ. ಸಂಬಳ, ರಜೆ, ಬಡ್ತಿಯ ಮಾತೇ ಅದರಲ್ಲಿರಲಿಲ್ಲ. ಗೂಗಲ್ ಯುದ್ಧದ ವ್ಯಾಪಾರಕ್ಕೆ ಇಳಿಯಬಾರದು ಅನ್ನುವುದೇ ಅದರ ಮೊದಲ ಮಾತು. ಅಮೆರಿಕದ ರಕ್ಷಣಾ ಇಲಾಖೆಯ ಡ್ರೋನ್ ವಿಡಿಯೊಗಳನ್ನು ಎಐ (ಕೃತಕ ಬುದ್ಧಿಮತ್ತೆ) ಮೂಲಕ ನೋಡಿಕೊಡುವ ಪ್ರಾಜೆಕ್ಟ್ ಮೇವನ್ ಎಂಬ ಕೆಲಸವನ್ನು ಈಗಲೇ ಕೈಬಿಡಿ ಎಂದು ಕೇಳಿದ್ದರು. ಜೊತೆಗೆ ಇನ್ನೊಂದು ಬೇಡಿಕೆ ಇತ್ತು: ಗೂಗಲ್ ಆಗಲಿ ಅದರ ಗುತ್ತಿಗೆದಾರರಾಗಲಿ ಎಂದೂ ಯುದ್ಧದ ತಂತ್ರಜ್ಞಾನ ಕಟ್ಟುವುದಿಲ್ಲ ಎಂಬ ನೀತಿಯನ್ನು ಬರೆಯಿರಿ, ಪ್ರಕಟಿಸಿ, ಜಾರಿಗೆ ತನ್ನಿ.

ಬರೆಯುವುದು, ಪ್ರಕಟಿಸುವುದು, ಜಾರಿಗೆ ತರುವುದು. ಈ ಮೂರರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಅನ್ನುವುದರಲ್ಲೇ ಈ ಪ್ರಕರಣದ ಪೂರ್ತಿ ಪಾಠ ಇದೆ ಅಂತ ನನಗನ್ನಿಸುತ್ತದೆ. ಎಐ ನೀತಿಶಾಸ್ತ್ರದವರು, ಸೈಬರ್ ಭದ್ರತೆಯವರು, ಶಾಂತಿಗಾಗಿ ದುಡಿಯುವವರು ಬೇರೆ ಬೇರೆ ಕಡೆ ಕೂತು ಕೆಲಸ ಮಾಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಮೇವನ್ ವಿಷಯದಲ್ಲಿ ಮೂರೂ ಬಗೆಯ ಜನ ಒಂದೇ ಜಗಳದಲ್ಲಿ ಸೇರಿಕೊಂಡರು.

ಕೆಲಸ ಏನಾಗಿತ್ತು

2017ರ ಏಪ್ರಿಲ್ 26ರಂದು ಅಮೆರಿಕದ ಆಗಿನ ರಕ್ಷಣಾ ಉಪಕಾರ್ಯದರ್ಶಿ ರಾಬರ್ಟ್ ವರ್ಕ್ ಒಂದು ಆದೇಶಕ್ಕೆ ಸಹಿ ಹಾಕಿದರು. ಮೇವನ್ ಹುಟ್ಟಿದ್ದು ಅಲ್ಲಿಂದ. ಲೆಫ್ಟಿನೆಂಟ್ ಜನರಲ್ ಜ್ಯಾಕ್ ಶಾನಹಾನ್ ಅದರ ಮುಖ್ಯಸ್ಥರು.

ಸೇನೆಯ ತೊಂದರೆ ನಿಜವಾದದ್ದೇ. ಇರಾಕ್, ಸಿರಿಯಾ, ಅಫ್ಘಾನಿಸ್ತಾನದ ಮೇಲೆ ಹಾರುವ ಡ್ರೋನ್‌ಗಳು ಹಗಲೂ ರಾತ್ರಿ ವಿಡಿಯೊ ಕಳಿಸುತ್ತಿದ್ದವು. ಅದನ್ನೆಲ್ಲ ಕೂತು ನೋಡುವಷ್ಟು ಜನ ಇರಲಿಲ್ಲ. ಇದ್ದವರು ಗಂಟೆಗಟ್ಟಲೆ ಪರದೆ ನೋಡಿ ನೋಡಿ ಕಣ್ಣು ಸೋತವರು. ಮಣ್ಣಿನ ರಸ್ತೆ, ತಗಡಿನ ಚಾವಣಿ, ಒಂದು ಕಾರು, ಮತ್ತೆ ಮಣ್ಣಿನ ರಸ್ತೆ. ಆ ಕಾರನ್ನು ಗುರುತಿಸಿ ಎಣಿಸುವ ಕೆಲಸವನ್ನು ಯಂತ್ರಕ್ಕೆ ಕಲಿಸೋಣ ಅನ್ನುವುದು ಆಲೋಚನೆ. ವಾಹನ, ಮನುಷ್ಯ, ಕಟ್ಟಡ ಎಂದೆಲ್ಲ ಒಟ್ಟು 38 ಬಗೆಯ ವಸ್ತುಗಳನ್ನು ಗುರುತಿಸುವುದು ಮೊದಲ ಗುರಿಯಾಗಿತ್ತು.

ಗೂಗಲ್ ಇದಕ್ಕೆ ಸೇರಿಕೊಂಡದ್ದು 2017ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಡಿಸೆಂಬರ್‌ಗೆ ಮೇವನ್‌ನ ಮೊದಲ ಆವೃತ್ತಿ ಪಶ್ಚಿಮ ಏಷ್ಯಾದಲ್ಲಿ, ಐಸಿಸ್ ವಿರುದ್ಧದ ಕಾರ್ಯಾಚರಣೆಯಲ್ಲಿ, ಸ್ಕ್ಯಾನ್‌ಈಗಲ್ ಎಂಬ ಚಿಕ್ಕ ಡ್ರೋನ್‌ಗಳ ವಿಡಿಯೊ ಮೇಲೆ ಕೆಲಸ ಶುರು ಮಾಡಿತ್ತು. ಆದೇಶ ಹೊರಟು ಎಂಟು ತಿಂಗಳಿಗೆ ರಣರಂಗ. ಸರ್ಕಾರಿ ಕೆಲಸ ಈ ವೇಗದಲ್ಲಿ ನಡೆಯುವುದು ಎಲ್ಲಿಯೂ ಅಪರೂಪ.

ಯಂತ್ರಕ್ಕೆ ಕಲಿಸುವುದು ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಯಾರೋ ಒಬ್ಬರು ಚಿತ್ರ ತೆರೆದು, ಕಾರಿನ ಸುತ್ತ ಮೌಸ್‌ನಿಂದ ಚೌಕ ಎಳೆದು, ಇದು ಕಾರು ಎಂದು ಬರೆಯಬೇಕು. ಇಂಥ ಸಾವಿರಾರು ಚೌಕಗಳು ಬೇಕು. ಈ ಕೆಲಸದ ಒಂದು ಪಾಲನ್ನು ಗೂಗಲ್ ಆನ್‌ಲೈನ್‌ನಲ್ಲಿ ತುಂಡು ಕೆಲಸ ಕೊಡಿಸುವ ಒಂದು ಕಂಪನಿಯ ಮೂಲಕ ಮಾಡಿಸಿತು ಎಂದು 2019ರಲ್ಲಿ ವರದಿಯಾಯಿತು. ಅಂಥ ತುಂಡು ಕೆಲಸಕ್ಕೆ ಗಂಟೆಗೆ ಒಂದು ಡಾಲರ್‌ನಷ್ಟು ಕಡಿಮೆ ಕೂಲಿಯೂ ಇತ್ತು. ಚೌಕ ಎಳೆದವರಿಗೆ ಅದು ಯಾರಿಗೆ, ಯಾತಕ್ಕೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಸಹಿ ಹಾಕಿ ಪ್ರತಿಭಟಿಸಬಹುದು, ರಾಜೀನಾಮೆ ಕೊಡಬಹುದು. ಚೌಕ ಎಳೆಯುವವರಿಗೆ ಆ ಅವಕಾಶವೇ ಸಿಗಲಿಲ್ಲ. ಈ ಪ್ರಕರಣದ ಬಗ್ಗೆ ಮಾತಾಡುವವರಲ್ಲಿ ಜಾಸ್ತಿ ಜನ ಇವರನ್ನು ಮರೆತುಬಿಡುತ್ತಾರೆ. ಅದು ನನಗೆ ಬೇಸರದ ಸಂಗತಿ.

ಕಂಪನಿಯ ಒಳಗೆ

ಗೂಗಲ್‌ನ ಬಹುಪಾಲು ಉದ್ಯೋಗಿಗಳಿಗೆ ಮೇವನ್ ಬಗ್ಗೆ ಗೊತ್ತಾದದ್ದೇ ತಡವಾಗಿ. 2018ರ ಮಾರ್ಚ್‌ನಲ್ಲಿ ಗಿಜ್ಮೊಡೊ ಸುದ್ದಿತಾಣ ವರದಿ ಮಾಡಿದ ಮೇಲೆ ಹೊರಗಿನವರಿಗೂ ತಿಳಿಯಿತು. ಕಂಪನಿ ಕೊಟ್ಟ ಉತ್ತರ ಹೀಗಿತ್ತು: ಯಂತ್ರಕ್ಕೆ ಕಲಿಸಲು ಯಾರು ಬೇಕಾದರೂ ಬಳಸಬಹುದಾದ ಟೆನ್ಸರ್‌ಫ್ಲೋ ಸಾಫ್ಟ್‌ವೇರನ್ನು ಬಳಸಲು ನೆರವಾಗುತ್ತಿದ್ದೇವೆ ಅಷ್ಟೆ, ಯಂತ್ರ ಚಿತ್ರಗಳನ್ನು ಗುರುತು ಮಾಡಿ ಮನುಷ್ಯರ ಮುಂದಿಡುತ್ತದೆ, ದಾಳಿಗೆ ಇದರ ಬಳಕೆ ಇಲ್ಲ.

ಬೇರೆ ಸಂಸ್ಥೆಗಳಿಗೆ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಗೂಗಲ್ ಕ್ಲೌಡ್‌ನ ಮುಖ್ಯಸ್ಥೆ ಡಯೇನ್ ಗ್ರೀನ್, ಗುತ್ತಿಗೆಯ ಮೊತ್ತ ಬರೀ 90 ಲಕ್ಷ ಡಾಲರ್ ಎಂದು ಸಿಬ್ಬಂದಿಗೆ ಹೇಳಿದರು. ಆಮೇಲೆ ಹೊರಬಂದ ಒಳಗಿನ ಇಮೇಲ್‌ಗಳಲ್ಲಿ ಬೇರೆ ಲೆಕ್ಕ ಇತ್ತು: ಒಂದೂವರೆ ಕೋಟಿ ಡಾಲರ್‌ನಿಂದ ಶುರುವಾಗಿ ಮುಂದೆ ವರ್ಷಕ್ಕೆ 25 ಕೋಟಿ ಡಾಲರ್‌ವರೆಗೂ ಬೆಳೆಯಬಹುದು ಎಂಬ ನಿರೀಕ್ಷೆ. ಇನ್ನೊಂದು ಇಮೇಲ್‌ನಲ್ಲಿ ಕ್ಲೌಡ್ ವಿಭಾಗದ ಎಐ ವಿಜ್ಞಾನಿ ಫೇ-ಫೇ ಲಿ, ಈ ಗುತ್ತಿಗೆಯ ಪ್ರಚಾರದಲ್ಲಿ ಎಐ ಎಂಬ ಮಾತು ಯಾವ ಕಾರಣಕ್ಕೂ ಬರಬಾರದು ಎಂದು ಸಹೋದ್ಯೋಗಿಗಳಿಗೆ ಎಚ್ಚರಿಸಿದ್ದರು. ಎಐಯನ್ನು ಆಯುಧವಾಗಿಸುವ ಕೆಲಸ ತಮ್ಮ ನಂಬಿಕೆಗೇ ವಿರುದ್ಧ ಎಂದು ಆಮೇಲೆ ಅವರೇ ಹೇಳಿದರು. ಎರಡೂ ನಿಜ ಇರಬಹುದು. ಆದರೆ ಮುಚ್ಚಿಟ್ಟು ಮಾಡಬೇಕಾಗಿ ಬಂದ ಕೆಲಸದ ಬಗ್ಗೆ ಸಿಬ್ಬಂದಿಗೆ ನಂಬಿಕೆ ಹೇಗೆ ಹುಟ್ಟೀತು, ಅಲ್ವಾ?

ಏಪ್ರಿಲ್‌ನಲ್ಲಿ ಕಂಪನಿಯೇ ಒಳಗೆ ಚರ್ಚೆ ಏರ್ಪಡಿಸಿತು. ಬೇರೆ ಬೇರೆ ದೇಶಗಳ ಕಚೇರಿಗಳಿಗೆ ಹೊಂದಲಿ ಅಂತ ಒಂದೇ ದಿನ ಮೂರು ಸಲ. ಒಂದು ಕಡೆ ಗ್ರೀನ್ ಮತ್ತು ಇಂಟರ್ನೆಟ್‌ನ ಪಿತಾಮಹರಲ್ಲಿ ಒಬ್ಬರಾದ ವಿಂಟ್ ಸರ್ಫ್. ಇನ್ನೊಂದು ಕಡೆ ಮೆರೆಡಿತ್ ವಿಟ್ಟೇಕರ್. ಆಕೆ ಗೂಗಲ್ ಉದ್ಯೋಗಿಯೂ ಹೌದು, ಎಐಯ ಸಾಮಾಜಿಕ ಪರಿಣಾಮಗಳನ್ನು ಅಧ್ಯಯನ ಮಾಡುವ ಎಐ ನೌ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರೂ ಹೌದು.

ಡಬ್ಲಿನ್ ಕಚೇರಿಯಲ್ಲಿ ಲಾರಾ ನೋಲನ್ ಎಂಬ ಎಂಜಿನಿಯರ್ ಇದ್ದರು. ಸರ್ವರ್‌ಗಳು ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. ಮೇವನ್‌ಗೆ ಬೇಕಾದ ವ್ಯವಸ್ಥೆಯ ಒಂದು ಭಾಗ ಅವರ ಪಾಲಿಗೂ ಬಂದಿತ್ತು. ಅದು ಯಾತಕ್ಕೆ ಎಂದು ತಿಳಿದ ಮೇಲೆ ವಿರೋಧಿಸಿದರು. ಕೊನೆಗೆ 2018ರಲ್ಲಿ ಕೆಲಸ ಬಿಟ್ಟರು. ಆ ವರ್ಷ ಮೇ ತಿಂಗಳ ಹೊತ್ತಿಗೆ ಇದೇ ಕಾರಣಕ್ಕೆ ಸುಮಾರು ಹನ್ನೆರಡು ಜನ ರಾಜೀನಾಮೆ ಕೊಟ್ಟಿದ್ದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಒಂಬತ್ತು ಎಂಜಿನಿಯರ್‌ಗಳ ಕಥೆ. ಇವರು ಎಐ ಬರೆಯುವವರಲ್ಲ, ಕ್ಲೌಡ್‌ನ ಒಳವ್ಯವಸ್ಥೆ ಕಟ್ಟುವವರು. ಏರ್ ಗ್ಯಾಪ್ ಎಂಬ ಭದ್ರತಾ ವ್ಯವಸ್ಥೆ ಕಟ್ಟಿಕೊಡಿ ಎಂದು ಇವರಿಗೆ ಹೇಳಲಾಗಿತ್ತು. ಒಬ್ಬ ಗ್ರಾಹಕನ ಡೇಟಾ ಇರುವ ಕಂಪ್ಯೂಟರ್‌ಗಳನ್ನು ಬೇರೆಯವರ ಕಂಪ್ಯೂಟರ್‌ಗಳಿಂದ ಪೂರ್ತಿ ಬೇರ್ಪಡಿಸಿ ಇಡುವುದೇ ಏರ್ ಗ್ಯಾಪ್. ನಡುವೆ ತಂತಿಯ ಸಂಪರ್ಕವೂ ಇರುವುದಿಲ್ಲ. ಕೇಳಲಿಕ್ಕೆ ತೀರಾ ಸಾಧು ಕೆಲಸ. ಬ್ಯಾಂಕಿಗೂ ಬೇಕು, ಆಸ್ಪತ್ರೆಗೂ ಬೇಕು. ಆದರೆ ಆ ಹೊತ್ತಿಗೆ ಗೂಗಲ್‌ಗೆ ಅದು ಬೇಕಾಗಿದ್ದದ್ದು ಸೇನೆಯ ಗುಟ್ಟಿನ ಕೆಲಸಗಳನ್ನು ಹಿಡಿಯುವುದಕ್ಕೆ. ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಆ ದಾರಿಯಲ್ಲಿ ಮುಂದಿದ್ದವು. ಒಂಬತ್ತೂ ಜನ ಕಟ್ಟುವುದಿಲ್ಲ ಅಂದರು. ಕಂಪನಿ ಆ ಕೆಲಸವನ್ನು ಮುಂದೂಡಿತು.

ಭದ್ರತೆಯ ಕೆಲಸ ಯಾರ ಪರವೂ ಅಲ್ಲ, ಅದರಲ್ಲಿ ತಪ್ಪು ಸರಿಯ ಪ್ರಶ್ನೆ ಬರುವುದಿಲ್ಲ ಅಂತ ಈ ಕ್ಷೇತ್ರದಲ್ಲಿ ಬಹಳ ಜನ ಹೇಳುತ್ತಾರೆ. ಈ ಒಂಬತ್ತು ಜನ ಬೇರೆ ಪ್ರಶ್ನೆ ಕೇಳಿದರು. ನಾನು ಕಟ್ಟುವ ಬೀಗ ಯಾರ ಬಾಗಿಲಿಗೆ, ಒಳಗೆ ಏನು ನಡೆಯುತ್ತದೆ ಅಂತ. ಗುರುತಿಸುವ ಎಐ ಎಷ್ಟೇ ಚೆನ್ನಾಗಿರಲಿ, ಅದನ್ನು ಇಡಲು ಸುರಕ್ಷಿತ ಜಾಗ ಇಲ್ಲದಿದ್ದರೆ ಸೇನೆ ಕೊಳ್ಳುವುದಿಲ್ಲ. ಹಾಗಾಗಿ ಆ ನಿರಾಕರಣೆ ಪೆಟ್ಟು ಕೊಡಬೇಕಾದ ಜಾಗಕ್ಕೇ ಪೆಟ್ಟು ಕೊಟ್ಟಿತು.

ಹೊರಗಿನ ವಿದ್ವಾಂಸರು

2009ರಿಂದ ರೋಬೋಟ್ ಆಯುಧಗಳ ನಿಯಂತ್ರಣಕ್ಕೆ ಕೆಲಸ ಮಾಡುತ್ತಿರುವ ಒಂದು ಅಂತರರಾಷ್ಟ್ರೀಯ ವಿದ್ವಾಂಸರ ಸಮಿತಿ ಇದೆ. ಅದರ ಮೂಲಕ ಲೂಸಿ ಸಚ್‌ಮನ್, ಪೀಟರ್ ಅಸಾರೊ, ಲಿಲ್ಲಿ ಇರಾನಿ ಬರೆದ ಬಹಿರಂಗ ಪತ್ರ 2018ರ ಮೇನಲ್ಲಿ ಬಂತು. ನೂರಾರು ಅಧ್ಯಾಪಕರು ಸಹಿ ಹಾಕಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಗೂಗಲ್ ಸ್ಥಾಪಕ ಲ್ಯಾರಿ ಪೇಜ್‌ಗೆ ಮಾರ್ಗದರ್ಶಕರಾಗಿದ್ದ ಟೆರ್ರಿ ವಿನೋಗ್ರಾಡ್ ಅವರ ಸಹಿಯೂ ಅದರಲ್ಲಿತ್ತು.

ಅವರ ವಾದದಲ್ಲಿ ಎರಡು ಎಳೆ. ಇವತ್ತು ಗುರುತಿಸುವ ಯಂತ್ರ ನಾಳೆ ತಾನೇ ಗುರಿ ಆರಿಸುವ ಯಂತ್ರವಾಗಲು ಒಂದು ಹೆಜ್ಜೆ ಸಾಕು. ಎರಡನೆಯದು ನನಗೆ ಇನ್ನೂ ಗಟ್ಟಿ ಅನ್ನಿಸಿದ್ದು: ಇಡೀ ಜಗತ್ತಿನ ಜನರ ಇಮೇಲ್, ಹುಡುಕಾಟ, ಓಡಾಟ ಒಂದು ಕಂಪನಿಯ ಬಳಿ ಇದೆ. ಆ ಕಂಪನಿ ಒಂದು ದೇಶದ ಸೇನೆಗೆ ಗುರಿ ಹುಡುಕುವ ಕೆಲಸ ಮಾಡಿದರೆ, ಬೇರೆ ದೇಶಗಳ ಜನ ಅದನ್ನು ನಂಬುವುದು ಹೇಗೆ? ಕಾಬೂಲ್‌ನಲ್ಲಿರುವವರೂ ಅದೇ ಜಿಮೇಲ್ ಬಳಸುತ್ತಾರೆ.

ಇನ್ನೊಂದು ಪಕ್ಷದ ವಾದ

ಶಾನಹಾನ್ ಮತ್ತು ವರ್ಕ್ ಅವರ ಕಡೆಯ ಮಾತನ್ನೂ ಗೌರವದಿಂದ ಕೇಳಬೇಕು. ದಣಿದ ಮನುಷ್ಯ ತಪ್ಪು ಮಾಡುತ್ತಾನೆ. ಯಂತ್ರ ಚೆನ್ನಾಗಿ ನೋಡಿದರೆ ಅಮಾಯಕರ ಸಾವು ಕಡಿಮೆಯಾಗುತ್ತದೆ. ಸುಮ್ನೆ ತಳ್ಳಿಹಾಕುವ ವಾದ ಇದಲ್ಲ.

ಆದರೆ 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಿಳಿ ಟೊಯೊಟಾ ಕಾರೊಂದನ್ನು ಅಮೆರಿಕದ ಡ್ರೋನ್‌ಗಳು ಸುಮಾರು ಎಂಟು ಗಂಟೆ ಹಿಂಬಾಲಿಸಿದವು. ಕಾರಿಗೆ ಕ್ಯಾನ್‌ಗಳನ್ನು ತುಂಬುವುದು ಕಾಣಿಸಿತು. ಸ್ಫೋಟಕ ಎಂದುಕೊಂಡರು. ಕಾರು ಮನೆಯಂಗಳಕ್ಕೆ ಬಂದಾಗ ಕ್ಷಿಪಣಿ ಬಿಟ್ಟರು. ಸತ್ತವರು ಹತ್ತು ಜನ, ಅದರಲ್ಲಿ ಏಳು ಮಕ್ಕಳು. ಕಾರು ಓಡಿಸುತ್ತಿದ್ದವರು ಅಮೆರಿಕದ್ದೇ ಒಂದು ನೆರವು ಸಂಸ್ಥೆಯ ಉದ್ಯೋಗಿ. ಪತ್ರಿಕೆಗಳ ತನಿಖೆಯ ಪ್ರಕಾರ ಕ್ಯಾನ್‌ಗಳಲ್ಲಿದ್ದದ್ದು ಮನೆಗೆ ಒಯ್ಯುತ್ತಿದ್ದ ನೀರು. ಮೂರು ವಾರದೊಳಗೆ ಪೆಂಟಗನ್ ತಪ್ಪು ಒಪ್ಪಿಕೊಂಡಿತು.

ಈ ದಾಳಿಯನ್ನು ನಾನು ಮೇವನ್ ತಲೆಗೆ ಕಟ್ಟುತ್ತಿಲ್ಲ. ನಿರ್ಧಾರ ಮನುಷ್ಯರದೇ. ಆದರೆ ತಪ್ಪು ಎಲ್ಲಾಯಿತು ಅಂತ ನೋಡಿ. ಕಾರು ಸರಿಯಾಗಿಯೇ ಕಾಣಿಸಿತ್ತು. ಮನುಷ್ಯರೂ ಕಾಣಿಸಿದ್ದರು. ಕ್ಯಾನ್‌ಗಳೂ ಕಾಣಿಸಿದ್ದವು. ಒಳಗೆ ನೀರಿದೆ ಎಂಬುದು ಕಾಣಿಸಲಿಲ್ಲ. 38 ಬಗೆಯ ಬದಲು 380 ಬಗೆಯ ವಸ್ತು ಗುರುತಿಸುವ ಯಂತ್ರ ಇದ್ದಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ. ಚೆನ್ನಾಗಿ ನೋಡುವುದು ಬೇರೆ, ನೋಡಿದ್ದನ್ನು ಅರ್ಥ ಮಾಡಿಕೊಳ್ಳುವುದು ಬೇರೆ. ಯಂತ್ರ ಮೊದಲನೆಯದನ್ನು ವೇಗ ಮಾಡಿದಾಗ ಎರಡನೆಯದಕ್ಕೆ ಸಿಗುವ ಸಮಯ ಕಡಿಮೆಯಾಗುತ್ತದೆ. ನೋಲನ್, ಸಚ್‌ಮನ್ ಅಂಥವರ ಭಯ ಇದೇ.

ಗೆಲುವು, ಮತ್ತು ಅದರಲ್ಲಿದ್ದ ಬಿರುಕು

2018ರ ಜೂನ್ 1ರಂದು ಡಯೇನ್ ಗ್ರೀನ್ ಸಿಬ್ಬಂದಿಗೆ ಹೇಳಿದರು: ಗುತ್ತಿಗೆ ಮುಗಿದ ಮೇಲೆ, ಅಂದರೆ 2019ರ ಮಾರ್ಚ್ ನಂತರ, ಅದನ್ನು ಮುಂದುವರಿಸುವುದಿಲ್ಲ. ಜೂನ್ 7ರಂದು ಪಿಚೈ ಗೂಗಲ್‌ನ ಎಐ ತತ್ವಗಳನ್ನು ಪ್ರಕಟಿಸಿದರು. ಮಾಡಬೇಕಾದ ಏಳು, ಮಾಡದೇ ಇರುವ ನಾಲ್ಕು. ಜನರಿಗೆ ಗಾಯ ಮಾಡುವುದೇ ಮುಖ್ಯ ಉದ್ದೇಶವಾಗಿರುವ ಆಯುಧಗಳಿಗೆ, ಜಗತ್ತು ಒಪ್ಪಿದ ನಿಯಮ ಮೀರುವ ಕಣ್ಗಾವಲಿಗೆ ಎಐ ಕಟ್ಟುವುದಿಲ್ಲ ಎಂಬುದು ಆ ನಾಲ್ಕರಲ್ಲಿ ಸೇರಿತ್ತು. ಅಕ್ಟೋಬರ್‌ನಲ್ಲಿ ಸಾವಿರ ಕೋಟಿ ಡಾಲರ್‌ವರೆಗೆ ಬೆಳೆಯಬಹುದಾಗಿದ್ದ ಪೆಂಟಗನ್‌ನ ಜೆಡೈ ಕ್ಲೌಡ್ ಟೆಂಡರ್‌ನಿಂದಲೂ ಗೂಗಲ್ ಹಿಂದೆ ಸರಿಯಿತು. ಒಂದು ದೊಡ್ಡ ಕಂಪನಿಯನ್ನು ಅದರ ಉದ್ಯೋಗಿಗಳು ಇಷ್ಟು ದೂರ ತಿರುಗಿಸಿದ್ದು ಸಣ್ಣ ಸಾಧನೆ ಅಲ್ಲವೇ ಅಲ್ಲ.

ಆದರೂ ಆ ತತ್ವಗಳನ್ನು ಇನ್ನೊಮ್ಮೆ ಓದಿ. "ಮುಖ್ಯ ಉದ್ದೇಶ" ಎಂಬ ಮಾತಿದೆ. ಡ್ರೋನ್ ವಿಡಿಯೊ ನೋಡುವ ಸಾಫ್ಟ್‌ವೇರ್‌ನ ಮುಖ್ಯ ಉದ್ದೇಶ ಗಾಯ ಮಾಡುವುದಲ್ಲ ಎಂದು ಯಾವ ವಕೀಲನೂ ವಾದಿಸಬಹುದು. ಸೈಬರ್ ಭದ್ರತೆ, ತರಬೇತಿ, ಅಪಾಯದಲ್ಲಿ ಸಿಕ್ಕವರನ್ನು ಹುಡುಕಿ ಕಾಪಾಡುವಂಥ ವಿಷಯಗಳಲ್ಲಿ ಸೇನೆಯ ಜೊತೆ ಕೆಲಸ ಮುಂದುವರಿಯುತ್ತದೆ ಎಂದೂ ಅಲ್ಲೇ ಬರೆದಿತ್ತು. ಒಂಬತ್ತು ಎಂಜಿನಿಯರ್‌ಗಳು ಮುಚ್ಚಿದ ಬಾಗಿಲು ಹಾಗೆ ತೆರೆದುಕೊಂಡಿತು.

ಜಾರಿಯ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಸಪ್ಪೆ. 2019ರ ಮಾರ್ಚ್ ಕೊನೆಗೆ ಗೂಗಲ್ ಹೊರಗಿನವರ ಒಂದು ಸಲಹಾ ಮಂಡಳಿ ಘೋಷಿಸಿತು. ಸದಸ್ಯರ ಆಯ್ಕೆಯ ಬಗ್ಗೆ ಸಿಬ್ಬಂದಿಯೇ ತಕರಾರು ಎತ್ತಿದರು. ಹತ್ತು ದಿನದೊಳಗೆ ಮಂಡಳಿ ರದ್ದಾಯಿತು. ಅದರ ಜಾಗಕ್ಕೆ ಅಂಥ ಇನ್ನೊಂದು ಹೊರಗಿನ ಮಂಡಳಿ ಬರಲಿಲ್ಲ. ವಿಟ್ಟೇಕರ್ ಅದೇ ವರ್ಷ ಕಂಪನಿ ಬಿಟ್ಟರು. ಈಗ ಅವರು ಸಿಗ್ನಲ್ ಮೆಸೇಜಿಂಗ್ ಆ್ಯಪ್ ನಡೆಸುವ ಸಂಸ್ಥೆಯ ಅಧ್ಯಕ್ಷೆ. 2020ರ ಡಿಸೆಂಬರ್‌ನಲ್ಲಿ ಎಐ ನೀತಿ ತಂಡದ ಸಹಮುಖ್ಯಸ್ಥೆ ಟಿಮ್ನಿಟ್ ಗೆಬ್ರು, ದೊಡ್ಡ ಭಾಷಾ ಮಾದರಿಗಳ ಅಪಾಯದ ಬಗೆಗಿನ ಒಂದು ಸಂಶೋಧನಾ ಪ್ರಬಂಧದ ವಿವಾದದಲ್ಲಿ ಹೊರಹೋದರು. ನನ್ನನ್ನು ತೆಗೆದರು ಎಂದು ಅವರು, ರಾಜೀನಾಮೆ ಎಂದು ಕಂಪನಿ. ಎರಡು ತಿಂಗಳಿಗೆ ಇನ್ನೊಬ್ಬ ಸಹಮುಖ್ಯಸ್ಥೆ ಮಾರ್ಗರೆಟ್ ಮಿಚೆಲ್ ಅವರನ್ನೂ ಕೆಲಸದಿಂದ ತೆಗೆಯಲಾಯಿತು. ಪ್ರಶ್ನೆ ಕೇಳುವುದೇ ಯಾರ ಕೆಲಸವಾಗಿತ್ತೋ ಅವರು ಒಬ್ಬೊಬ್ಬರಾಗಿ ಹೊರಗಾದರು.

2025ರ ಫೆಬ್ರುವರಿ 4ರಂದು ಗೂಗಲ್ ತತ್ವಗಳನ್ನು ತಿದ್ದಿತು. ಮಾಡುವುದಿಲ್ಲ ಎಂಬ ಆ ನಾಲ್ಕರ ಭಾಗವೇ ಮಾಯ. ಜೇಮ್ಸ್ ಮನ್ಯಿಕಾ ಮತ್ತು ಡೆಮಿಸ್ ಹಸಾಬಿಸ್ ಬರೆದ ವಿವರಣೆಯಲ್ಲಿ, ಎಐ ಪೈಪೋಟಿಯಲ್ಲಿ ಪ್ರಜಾಪ್ರಭುತ್ವ ದೇಶಗಳು ಮುಂದಿರಬೇಕು ಎಂಬ ಮಾತಿತ್ತು. ಇದೇ ಹಸಾಬಿಸ್ ಅವರ ಡೀಪ್‌ಮೈಂಡ್ 2014ರಲ್ಲಿ ಗೂಗಲ್‌ಗೆ ಸೇರುವಾಗ, ತಮ್ಮ ತಂತ್ರಜ್ಞಾನ ಸೇನೆಗೆ ಬಳಕೆಯಾಗಬಾರದು ಎಂದು ಷರತ್ತು ಹಾಕಿತ್ತು. ಏಳು ವರ್ಷ ಹಿಂದೆ ಸಾವಿರಾರು ಸಹಿಗಳಿಂದ ಬಂದ ಮಾತನ್ನು ತೆಗೆಯಲು ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಕಾನೂನು ಮುರಿಯಲಿಲ್ಲ, ಒಪ್ಪಂದ ಮುರಿಯಲಿಲ್ಲ. ಕಂಪನಿ ತಾನೇ ಬರೆದದ್ದನ್ನು ತಾನೇ ಅಳಿಸಿತು.

ಮೇವನ್ ಎಲ್ಲಿಗೆ ಹೋಯಿತು

ಅದು ಒಂದು ದಿನವೂ ನಿಲ್ಲಲಿಲ್ಲ. ಪ್ಯಾಲಂಟಿರ್ ಮತ್ತು ಇತರ ಕಂಪನಿಗಳು ಕೆಲಸ ಮುಂದುವರಿಸಿದವು. 2024ರ ಫೆಬ್ರುವರಿ 2ರಂದು ಇರಾಕ್ ಮತ್ತು ಸಿರಿಯಾದಲ್ಲಿ ಅಮೆರಿಕ 85ಕ್ಕೂ ಹೆಚ್ಚು ಗುರಿಗಳ ಮೇಲೆ ದಾಳಿ ಮಾಡಿತು. ಆ ಗುರಿಗಳನ್ನು ಹುಡುಕಲು ಇಂಥ ಎಐ ನೆರವಾಯಿತು ಎಂದು ಆ ಪ್ರದೇಶದ ಅಮೆರಿಕ ಸೇನಾ ಕಮಾಂಡ್‌ನ ತಂತ್ರಜ್ಞಾನ ಅಧಿಕಾರಿಯೇ ಹೇಳಿದರು. ಮೇವನ್ ಸ್ಮಾರ್ಟ್ ಸಿಸ್ಟಮ್‌ಗಾಗಿ 2024ರ ಮೇನಲ್ಲಿ ಪ್ಯಾಲಂಟಿರ್‌ಗೆ ಸಿಕ್ಕ ಗುತ್ತಿಗೆ 48 ಕೋಟಿ ಡಾಲರ್. ವರ್ಷದೊಳಗೆ ಅದರ ಮಿತಿ 120 ಕೋಟಿ ದಾಟಿತು. ನೇಟೊ ಕೂಟವೂ 2025ರಲ್ಲಿ ಅದನ್ನು ಕೊಂಡಿತು.

ಹಾಗಾದರೆ ಆ ಸಹಿಗಳೆಲ್ಲ ವ್ಯರ್ಥವಾದವೇ? ಖಂಡಿತ ಇಲ್ಲ. 2020ರ ಫೆಬ್ರುವರಿಯಲ್ಲಿ ಪೆಂಟಗನ್ ತನ್ನದೇ ಐದು ಎಐ ನೀತಿಸೂತ್ರಗಳನ್ನು ಒಪ್ಪಿಕೊಂಡಿತು. ಮೇವನ್ ಗಲಾಟೆಯ ಒತ್ತಡ ಅದರ ಹಿಂದಿತ್ತು. ಆದರೆ ಒಂದು ಕಂಪನಿ ಬೇಡ ಅಂದರೆ ಪಕ್ಕದ ಕಂಪನಿ ಬೇಕು ಅನ್ನುತ್ತದೆ. ಎಲ್ಲರಿಗೂ ಒಂದೇ ನಿಯಮ ಬರುವವರೆಗೂ ಇದು ಹೀಗೇ. ಅಂಥ ನಿಯಮ ಆಗದ ಮಾತೇನೂ ಅಲ್ಲ. ಕಣ್ಣು ಕುರುಡು ಮಾಡುವ ಲೇಸರ್ ಆಯುಧಗಳನ್ನು 1995ರಲ್ಲಿ, ಯುದ್ಧಗಳಲ್ಲಿ ಅವು ಬಳಕೆಗೆ ಬರುವ ಮೊದಲೇ, ಕೆಲವು ಸಾಂಪ್ರದಾಯಿಕ (ಅಣ್ವಸ್ತ್ರವಲ್ಲದ) ಆಯುಧಗಳಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದಡಿ ನಿಷೇಧಿಸಲಾಯಿತು. ಆ ಒಪ್ಪಂದದ ಮಾತುಕತೆ ನಡೆಯುವುದು ಜಿನೀವಾದಲ್ಲಿ. ಮನುಷ್ಯನಿಲ್ಲದೆ ತಾವೇ ಗುರಿ ಆರಿಸುವ ಸ್ವಯಂಚಾಲಿತ ಆಯುಧಗಳ ಚರ್ಚೆಯೂ 2014ರಿಂದ ಅದೇ ಒಪ್ಪಂದದಡಿ ನಡೆದಿದೆ. ನೋಲನ್ ಗೂಗಲ್ ಬಿಟ್ಟ ಮೇಲೆ ಕೊಲೆಗಾರ ರೋಬೋಟ್‌ಗಳನ್ನು ತಡೆಯುವ ಅಭಿಯಾನಕ್ಕೆ ಸೇರಿ ಈ ವಿಷಯವನ್ನು ವಿಶ್ವಸಂಸ್ಥೆಯ ಅಂಗಳಕ್ಕೇ ಒಯ್ದರು. ಸರ್ವರ್ ಹೇಗೆ ಕೈಕೊಡುತ್ತದೆ, ಸಾಫ್ಟ್‌ವೇರ್ ಅಂದುಕೊಳ್ಳದ ರೀತಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ರಾಜತಾಂತ್ರಿಕರಿಗೆ ಅನುಭವದಿಂದ ಹೇಳಬಲ್ಲವರು ಅಂಥವರೇ.

ನಮ್ಮ ಕಡೆಗೆ

2017ರಲ್ಲಿ ಆ ಜಿನೀವಾ ಚರ್ಚೆಯ ಸರ್ಕಾರಿ ತಜ್ಞರ ಗುಂಪು ಮೊದಲ ಸಲ ಸೇರಿದಾಗ ಅಧ್ಯಕ್ಷತೆ ವಹಿಸಿದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದೇ ವಿಷಯದ ನಿರ್ಣಯಕ್ಕೆ ಮತ ಹಾಕಿತು. ಪರವಾಗಿ 152 ದೇಶ, ವಿರುದ್ಧ ನಾಲ್ಕು. ಆ ನಾಲ್ಕರಲ್ಲಿ ರಷ್ಯಾ, ಬೆಲಾರುಸ್, ಮಾಲಿ ಜೊತೆ ಭಾರತವೂ ಇತ್ತು. ಈ ಚರ್ಚೆಗೆ ಜಿನೀವಾವೇ ಸರಿಯಾದ ಜಾಗ, ಕಡ್ಡಾಯ ಒಪ್ಪಂದಕ್ಕೆ ಇನ್ನೂ ಕಾಲ ಬಂದಿಲ್ಲ ಎಂಬುದು ನಮ್ಮ ಸರ್ಕಾರದ ನಿಲುವು. ಗಡಿಯ ಆತಂಕ ಇರುವ ದೇಶಕ್ಕೆ ಕಾರಣಗಳಿರುತ್ತವೆ, ಒಪ್ಪುತ್ತೇನೆ. ಆದರೆ ಆ ಮತದ ಬಗ್ಗೆ ಇಲ್ಲಿ ಚರ್ಚೆಯೇ ಆಗದಿದ್ದದ್ದು ಸರಿಯಲ್ಲ.

ಬೆಂಗಳೂರಿನಲ್ಲಿ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್ ಕಚೇರಿಗಳಿವೆ. ಡಿಆರ್‌ಡಿಒದ ಎಐ ಮತ್ತು ರೋಬೋಟಿಕ್ಸ್ ಕೇಂದ್ರ 1986ರಿಂದ ಇಲ್ಲೇ ಇದೆ. ಡ್ರೋನ್ ಕಟ್ಟುವ ಅದರ ಇನ್ನೊಂದು ಪ್ರಯೋಗಾಲಯ ಎಡಿಇಯೂ ಇಲ್ಲೇ. ನಮ್ಮ ಕಾಲೇಜುಗಳಿಂದ ಹೊರಬರುವವರು ಇವೆಲ್ಲ ಕಡೆ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಮೇವನ್ ಪ್ರಕರಣವನ್ನು ಪಾಠವಾಗಿ ಓದಿಸಬೇಕು. ಓದಿಸುವಾಗ ತತ್ವಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಗುತ್ತಿಗೆಯ ಕಾಗದ ಓದುವುದನ್ನು ಕಲಿಸಬೇಕು. ಕೊನೆಗೆ ಇದನ್ನು ಬಳಸುವವರು ಯಾರು? ಚೌಕ ಎಳೆಯುವ ಕೆಲಸದವರಿಗೆ ಉದ್ದೇಶ ತಿಳಿಸಿದ್ದಾರಾ? ಬೇಡ ಅಂದವರನ್ನು ಬೇರೆ ತಂಡಕ್ಕೆ ಹಾಕುವ ದಾರಿ ಬರವಣಿಗೆಯಲ್ಲಿದೆಯಾ? ಕೊಟ್ಟ ಮಾತನ್ನು ಬದಲಿಸುವ ಮೊದಲು ಹೊರಗಿನ ಯಾರಿಗೆ ತಿಳಿಸಬೇಕು? ಈ ಕೊನೆಯ ಪ್ರಶ್ನೆಗೆ 2018ರ ಜೂನ್ 7ರಂದೇ ಒಂದು ಉತ್ತರ ಬರೆಸಿಕೊಂಡಿದ್ದರೆ, 2025ರಲ್ಲಿ ಆ ನಾಲ್ಕು ಸಾಲು ತೆಗೆಯುವುದು ಅಷ್ಟು ಸಲೀಸಾಗುತ್ತಿರಲಿಲ್ಲ.